ಐ ಬೆಗ್ ಟು ಅಪ್ಲೈ: ಮುಂಬಯಿಯ ಅರ್ಜಿಗಳ ಕಥೆ

ನಮ್ಮ ಡೊಂಬಿವಲಿ ಸೊಸೈಟಿಯಲ್ಲಿ ಯಾರ ಮನೆಯ ಹುಡುಗ ಹುಡುಗಿ ಡಿಗ್ರಿ ಮುಗಿಸಿದರೂ ಒಂದು ದಿನ ನಮ್ಮ ಬಾಗಿಲು ತಟ್ಟುವುದುಂಟು. "ಅಂಕಲ್, ಕವರಿಂಗ್ ಲೆಟರ್ ಒಂದು ನೋಡ್ತೀರಾ?" ಬ್ಯಾಂಕಿನವರಿಗೆ ಇಂಗ್ಲಿಷ್ ಪತ್ರ ಬರೆಯಲು ಬರುತ್ತದೆ ಎಂಬುದು ಮುಂಬಯಿಯ ಹಳೆಯ ನಂಬಿಕೆ. ನಿಜ ಹೇಳಬೇಕೆಂದರೆ ನಾನು ಬಿ.ಕಾಂ. ಮಾಡಿದವನು, ಇಂಗ್ಲಿಷ್ ಸಾಹಿತ್ಯ ಓದಿದವನಲ್ಲ. ಆದರೆ ಮೂವತ್ತೈದು ವರ್ಷದ ನೌಕರಿಯಲ್ಲಿ ಅರ್ಜಿಗಳನ್ನು ಓದಿದ್ದೇನೆ, ಸಾಕಷ್ಟು ಓದಿದ್ದೇನೆ. ಆ ಮಕ್ಕಳ ಪತ್ರಗಳನ್ನು ನೋಡುತ್ತಾ ನೋಡುತ್ತಾ ಈ ಅರ್ಜಿ ಎನ್ನುವ ವಸ್ತುವಿಗೂ ಒಂದು ಚರಿತ್ರೆ ಇದೆಯಲ್ಲ, ಅದನ್ನು ಯಾರೂ ಬರೆದ ಹಾಗಿಲ್ಲವಲ್ಲ ಅಂತ ಅನ್ನಿಸಿತು. ಊರಿನಿಂದ ಬರಿಗೈಯಲ್ಲಿ ಬಂದ ನಮ್ಮವರಲ್ಲಿ ಎಷ್ಟೋ ಮಂದಿ ಈ ನಗರದೊಳಗೆ ಕಾಲಿಟ್ಟದ್ದು ಒಂದು ಫುಲ್‌ಸ್ಕೇಪ್ ಹಾಳೆಯ ಮೇಲೆ. ಆದ್ದರಿಂದ ಈ ಬರಹ.

ಮೊದಲು ಶಬ್ದದಿಂದಲೇ ಶುರು ಮಾಡೋಣ. ಅರ್ಜಿ ನಮ್ಮದಲ್ಲ, ಅರಬ್ಬಿಯಲ್ಲಿ ಹುಟ್ಟಿ ಫಾರಸಿಯ ಮೂಲಕ ಬಂದದ್ದು. ದರ್ಬಾರಿನಲ್ಲಿ ದೊರೆಯ ಮುಂದೆ ನಿಂತು ಕಷ್ಟ ನಿವೇದಿಸಿಕೊಳ್ಳುವುದೇ ಅರ್ಜಿ. ಕನ್ನಡದಲ್ಲಿ ಅದಕ್ಕೂ ಮೊದಲು ಬಿನ್ನಹ ಇತ್ತು, ಬಿನ್ನವತ್ತಳೆ ಇತ್ತು. ಅದರ ಅರ್ಥವೂ ಇದೇ, ಸಣ್ಣವನು ದೊಡ್ಡವನಿಗೆ ಮಾಡುವ ನಿವೇದನೆ. ಈಸ್ಟ್ ಇಂಡಿಯಾ ಕಂಪನಿಯವರು ಬಂದಾಗ ಈ ಪದ್ಧತಿಯನ್ನು ಬದಲಿಸಲಿಲ್ಲ, ಬರೀ ಭಾಷೆ ಬದಲಿಸಿದರು. 1835ರಲ್ಲಿ ಮೆಕಾಲೆಯ ಟಿಪ್ಪಣಿ ಬಂತು, 1857ರಲ್ಲಿ ಮುಂಬಯಿ ವಿಶ್ವವಿದ್ಯಾಲಯ ಬಂತು, ಮೆಟ್ರಿಕ್ ಎಂಬ ಪರೀಕ್ಷೆ ಬಂತು. ಮೆಟ್ರಿಕ್ ಪಾಸಾದವನು ಗುಮಾಸ್ತನಾಗಲು ಸಾಹೇಬನಿಗೆ ಬರೆದ ಕಾಗದ ಇಂಗ್ಲಿಷಿನಲ್ಲಿದ್ದರೂ ಒಳಗಿನ ಜೀವ ಫಾರಸಿ ಅರ್ಜಿಯದ್ದೇ. "ಐ ಬೆಗ್ ಟು ಅಪ್ಲೈ" ಎಂದು ಆರಂಭ, "ಯುವರ್ ಮೋಸ್ಟ್ ಒಬೀಡಿಯೆಂಟ್ ಸರ್ವೆಂಟ್" ಎಂದು ಮುಕ್ತಾಯ. ನಡುವೆ ಮನೆಯ ಕಷ್ಟ, ಮದುವೆಯಾಗದ ತಂಗಿಯರು, ವೃದ್ಧ ತಂದೆ, ಸಾಹೇಬರ ದೀರ್ಘಾಯುಷ್ಯಕ್ಕೆ ಪ್ರಾರ್ಥನೆ. ಇಂಗ್ಲಿಷರು ಇದನ್ನು ಬಾಬೂ ಇಂಗ್ಲಿಷ್ ಎಂದು ನಗುತ್ತಿದ್ದರು. ನಗುವುದು ಸುಲಭ ಬಿಡಿ. ಒಬಿಡಿಯೆಂಟ್ ಸರ್ವೆಂಟ್ ಎಂದು ಬರೆಯುವುದು ಅವರದೇ ರೂಢಿಯಾಗಿತ್ತು, ಲಂಡನ್ನಿನ ಅಧಿಕಾರಿಗಳೂ ಪರಸ್ಪರ ಹಾಗೇ ಸಹಿ ಹಾಕುತ್ತಿದ್ದರು. ನಮ್ಮವರು ಅದನ್ನು ನಿಜವೆಂದು ತಿಳಿದು ಬರೆದರು, ಅಷ್ಟೇ ವ್ಯತ್ಯಾಸ.

ಅಂದ ಹಾಗೆ ಜಗತ್ತಿನ ಮೊದಲ ಕೆಲಸದ ಅರ್ಜಿ ಎಂದು ಎಲ್ಲರೂ ತೋರಿಸುವುದು ಲಿಯೊನಾರ್ಡೊ ಡಾ ವಿಂಚಿಯ ಪತ್ರವನ್ನು. ಸುಮಾರು 1482ರಲ್ಲಿ ಮಿಲಾನಿನ ಲುಡೊವಿಕೊ ಸ್ಫೋರ್ಜಾಗೆ ಬರೆದದ್ದು. ಅದರಲ್ಲಿ ಹಗುರವಾದ ಸೇತುವೆ ಕಟ್ಟಬಲ್ಲೆ, ಕೋಟೆ ಒಡೆಯಬಲ್ಲೆ, ಫಿರಂಗಿ ಮಾಡಬಲ್ಲೆ, ಮುಚ್ಚಿದ ರಥ ಮಾಡಬಲ್ಲೆ ಎಂದು ಒಂದೊಂದಾಗಿ ನಂಬರು ಹಾಕಿ ಬರೆದು, ಕೊನೆಗೆ ಶಾಂತಿಕಾಲದಲ್ಲಿ ಕಟ್ಟಡ, ಶಿಲ್ಪ, ಚಿತ್ರ ಕೂಡ ನನ್ನಿಂದಾಗುತ್ತದೆ ಅನ್ನುತ್ತಾನೆ. ಚಿತ್ರ ಕೊನೆಗೆ! ಯಾಕೆಂದರೆ ಸ್ಫೋರ್ಜಾಗೆ ಬೇಕಾಗಿದ್ದದ್ದು ಯುದ್ಧಸಾಮಗ್ರಿ. ತನಗೆ ಏನು ಬರುತ್ತದೆ ಎನ್ನುವುದಕ್ಕಿಂತ ಓದುವವನಿಗೆ ಏನು ಬೇಕು ಎಂದು ನೋಡಿ ಬರೆದ ಪತ್ರ. ಇದು ನಮಗೆ ತಲುಪಲು ಐದು ಶತಮಾನ ಹಿಡಿಯಿತು ಅಂದರೆ ತಪ್ಪಾಗಲಾರದು.

ಇನ್ನು ಮುಂಬಯಿಗೆ ಬರೋಣ. ಇಲ್ಲಿಗೆ ಬಂದ ಕನ್ನಡಿಗರೆಲ್ಲ ಒಂದೇ ಬಾಗಿಲಿನಿಂದ ಬಂದವರಲ್ಲ. 1956ರವರೆಗೆ ಧಾರವಾಡ, ಬೆಳಗಾವಿ, ಬಿಜಾಪುರ, ಉತ್ತರ ಕನ್ನಡ ಇವೆಲ್ಲ ಮುಂಬಯಿ ರಾಜ್ಯದ್ದೇ ಜಿಲ್ಲೆಗಳು. ಕಾರವಾರದ ಹುಡುಗನಿಗೆ ಮುಂಬಯಿ ರಾಜಧಾನಿ. ಅವನ ಮೆಟ್ರಿಕ್ ಸರ್ಟಿಫಿಕೇಟು ಮುಂಬಯಿಯದ್ದು. ಮರಾಠಿಯೂ ಕಿವಿಗೆ ಬಿದ್ದಿರುತ್ತಿತ್ತು. (ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಆರಂಭವಾದದ್ದು ಮುಂಬಯಿಯಲ್ಲೇ, ಆಮೇಲೆ ಧಾರವಾಡಕ್ಕೆ ಹೋಯಿತು ಎನ್ನುವುದು ಈಗಿನ ಧಾರವಾಡದವರಲ್ಲೇ ಹಲವರಿಗೆ ಗೊತ್ತಿಲ್ಲ.) ನಮ್ಮ ದಕ್ಷಿಣ ಕನ್ನಡ ಮಾತ್ರ ಮದ್ರಾಸು ಪ್ರಾಂತ್ಯದಲ್ಲಿತ್ತು. ಹೀಗಾಗಿ ಉಡುಪಿಯ ಹುಡುಗ ಅರ್ಜಿಯಲ್ಲಿ ತನ್ನ ವಿಳಾಸ ಬರೆದರೆ "ಸೌತ್ ಕೆನರಾ, ಮದ್ರಾಸ್ ಸ್ಟೇಟ್" ಆಗುತ್ತಿತ್ತು, ಅಲ್ಲಿಗೆ ಅವನು ಮದ್ರಾಸಿ ಆಗಿಬಿಡುತ್ತಿದ್ದ. 1956ರ ನಂತರ "ಮೈಸೂರ್ ಸ್ಟೇಟ್", 1973ರ ನಂತರ "ಕರ್ನಾಟಕ". ವಿಳಾಸ ಎರಡು ಸಲ ಬದಲಾದರೂ ಮುಂಬಯಿಯಲ್ಲಿ ಮದ್ರಾಸಿ ಎಂಬ ಹೆಸರು ಮಾತ್ರ ಬದಲಾಗಲಿಲ್ಲ.

ದಕ್ಷಿಣ ಕನ್ನಡದವರಲ್ಲಿ ಬಹಳ ಮಂದಿಗೆ ಮೊದಲ ಕೆಲಸಕ್ಕೆ ಅರ್ಜಿಯೇ ಬೇಕಿರಲಿಲ್ಲ. ಹೋಟೆಲಿಗೆ ಸೇರಲು ಊರಿನವರ ಒಂದು ಮಾತು ಸಾಕು. "ಇವ ನಮ್ಮ ಬದಿಯವ, ಒಳ್ಳೆ ಹುಡುಗ" ಎಂದು ಒಂದು ಚೀಟಿ, ಇಲ್ಲವೇ ಊರಿಗೆ ಹೋದವರು ಬರುವಾಗ ಜೊತೆಗೆ ಕರಕೊಂಡು ಬರುವುದು. ಮಾಟುಂಗಾ ಸ್ಟೇಶನ್ ಎದುರು ರಾಮ ನಾಯಕರು 1942ರಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಶುರು ಮಾಡಿದ ಕಾಲದಿಂದ ಹಿಡಿದು ಫೋರ್ಟಿನ ಓಣಿಗಳಲ್ಲಿ ಇಡ್ಲಿ ವಡೆ ಕೊಟ್ಟ ನೂರಾರು ಹೋಟೆಲುಗಳಿಗೆ ಹುಡುಗರು ಬಂದದ್ದು ಹೀಗೆಯೇ. ಊರಿನ ಬ್ಯಾಂಕುಗಳಲ್ಲೂ ಒಂದು ಕಾಲಕ್ಕೆ ಬಹುತೇಕ ಇದೇ ಕಥೆ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಮೂಲ ಸಂಸ್ಥೆಯನ್ನು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಶನ್ ಬ್ಯಾಂಕನ್ನು ಶುರು ಮಾಡಿದರು. 1925ರಲ್ಲಿ ಸಿಂಡಿಕೇಟ್, 1931ರಲ್ಲಿ ವಿಜಯಾ. ಮನೆತನ ಗೊತ್ತಿದ್ದರೆ, ಲೆಕ್ಕ ಚೆನ್ನಾಗಿದ್ದರೆ, ಅಕ್ಷರ ದುಂಡಾಗಿದ್ದರೆ ಆಯಿತು.

ತೊಂದರೆ ಇದ್ದದ್ದು ಹೋಟೆಲಿನಿಂದ ಆಫೀಸಿಗೆ ದಾಟುವವನಿಗೆ. ಅಲ್ಲಿ ಊರಿನ ಚೀಟಿ ನಡೆಯುವುದಿಲ್ಲ. ಹಗಲಿಡೀ ಟೇಬಲ್ ಒರೆಸಿ ರಾತ್ರಿ ಶಾಲೆಗೆ ಹೋಗಬೇಕು. ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಬಗ್ಗೆ ಒಂದು ದೊಡ್ಡ ಪುಸ್ತಕವೇ ಆದೀತು. ಮೊಗವೀರ ವ್ಯವಸ್ಥಾಪಕ ಮಂಡಳಿಯವರದ್ದು, ಬಿಲ್ಲವರ ಅಸೋಸಿಯೇಶನಿನ ಗುರುನಾರಾಯಣ ರಾತ್ರಿಶಾಲೆ, ಫೋರ್ಟಿನಲ್ಲಿ ಇನ್ನೂ ಕೆಲವು... ಸಂಜೆ ಹೊತ್ತಿಗೆ ಧಣಿಗಳ ಅಪ್ಪಣೆ ಪಡೆದು, ಕೈಗೆ ಈರುಳ್ಳಿ ವಾಸನೆ ಇರುವಾಗಲೇ ಬೆಂಚಿನಲ್ಲಿ ಕೂತು ಎಸ್.ಎಸ್.ಸಿ. ಪಾಸು ಮಾಡಿದವರು ಸಾವಿರಾರು ಮಂದಿ. ಪಾಸಾದ ಮೇಲೆ ಟೈಪಿಂಗ್ ಕ್ಲಾಸು. ನಿಮಿಷಕ್ಕೆ 30 ಶಬ್ದ, ಆಮೇಲೆ 40 ಶಬ್ದ, ಸರ್ಕಾರಿ ಪರೀಕ್ಷೆ. ಆಸೆ ಜಾಸ್ತಿ ಇದ್ದವರು ಪಿಟ್‌ಮನ್ ಶಾರ್ಟ್‌ಹ್ಯಾಂಡನ್ನೂ ಕಲಿಯುತ್ತಿದ್ದರು. ಇಷ್ಟು ಮಾಡಿದ ಮೇಲೆ ಶುರುವಾಗುತ್ತಿತ್ತು ಅರ್ಜಿ ಬರೆಯುವ ಪರ್ವ.

ಆಗಿನ ಜಾಹೀರಾತಿನ ಪದ್ಧತಿ ಈಗಿನವರಿಗೆ ಗೊತ್ತಿಲ್ಲ, ಸ್ವಲ್ಪ ಹೇಳುತ್ತೇನೆ. ಟೈಮ್ಸ್ ಆಫ್ ಇಂಡಿಯಾದಲ್ಲಿ "ವಾಂಟೆಡ್" ಅಂಕಣ. ಎಷ್ಟೋ ಸಲ ಕಂಪನಿಯ ಹೆಸರೇ ಇರುವುದಿಲ್ಲ, ಬರೀ ಬಾಕ್ಸ್ ನಂಬರು. ಯಾರಿಗೆ ಬರೆಯುತ್ತಿದ್ದೇವೆ ಅಂತ ಗೊತ್ತಿಲ್ಲದೆ "ಡಿಯರ್ ಸರ್" ಎಂದು ಬರೆಯಬೇಕು. ತಾನು ಕೆಲಸ ಮಾಡುತ್ತಿರುವ ಕಂಪನಿಗೇ ಗೊತ್ತಿಲ್ಲದೆ ಬಾಕ್ಸ್ ನಂಬರಿಗೆ ಅರ್ಜಿ ಹಾಕಿ, ಮರುದಿನ ಮ್ಯಾನೇಜರ್ ಕರೆದು "ಇಲ್ಲಿ ಏನು ಕಷ್ಟ ನಿನಗೆ?" ಎಂದು ಕೇಳಿದ ಕಥೆ ಫೋರ್ಟಿನ ಪ್ರತಿ ಕ್ಯಾಂಟೀನಿನಲ್ಲೂ ಇತ್ತು. ಕೆಲವು ಜಾಹೀರಾತಿನಲ್ಲಿ "ಸ್ವಂತ ಕೈಬರಹದಲ್ಲಿ ಅರ್ಜಿ ಹಾಕಿ" ಎಂದಿರುತ್ತಿತ್ತು. ಲೆಡ್ಜರು ಬರೆಯುವವನ ಅಕ್ಷರ ನೋಡಬೇಕಲ್ಲ. ಸರ್ಟಿಫಿಕೇಟಿನ ನಕಲಿಗೆ ಝೆರಾಕ್ಸ್ ಇಲ್ಲ. ಟೈಪ್ ಮಾಡಿಸಿ, ಗೆಜೆಟೆಡ್ ಆಫೀಸರ್ ಹುಡುಕಿ, "ಟ್ರೂ ಕಾಪಿ" ಎಂದು ಸಹಿ ಹಾಕಿಸಬೇಕು. ಕೇಂದ್ರ ಸರ್ಕಾರ ಸ್ವಂತ ಸಹಿ ಸಾಕು ಎಂದು ಹೇಳಿದ್ದು 2013-14ರ ಸುಮಾರಿಗೆ, ಅಲ್ಲಿಯವರೆಗೂ ಈ ಪಾಡು ಇದ್ದೇ ಇತ್ತು. ಪೋಸ್ಟ್ ಆಫೀಸಿಗೆ ಹೋಗಿ ಯು.ಪಿ.ಸಿ. ಮಾಡಿಸಿ ಆ ಚೀಟಿ ಜೋಪಾನ ಮಾಡುವುದು ಇನ್ನೊಂದು. ಆ ಯು.ಪಿ.ಸಿ. 2011ರಲ್ಲಿ ನಿಂತುಹೋಯಿತು.

ಸ್ವಂತ ಟೈಪ್‌ರೈಟರು ಯಾರ ಬಳಿಯೂ ಇಲ್ಲ. ಗೋದ್ರೆಜ್ 1955ರಲ್ಲಿ ನಮ್ಮ ದೇಶದ್ದೇ ಟೈಪ್‌ರೈಟರು ಮಾಡಿ ತೋರಿಸಿದರೂ ಅದು ಆಫೀಸಿನ ವಸ್ತು, ಚಾಳಿನ ಖೋಲಿಯ ವಸ್ತುವಲ್ಲ. ಹಾಗಾಗಿ ಕೋರ್ಟುಗಳ ಹೊರಗೆ ಫುಟ್‌ಪಾತಿನಲ್ಲಿ ಕೊಡೆ ಬಿಡಿಸಿ ಕೂತ ಟೈಪಿಸ್ಟರೇ ಗತಿ. ಇನ್ನೂ ಓದು ಬರಹ ಇಲ್ಲದವರಿಗೆ ಜಿ.ಪಿ.ಓ. ಎದುರು, ಪಾರಿವಾಳಗಳ ಕಬೂತರಖಾನೆಯ ಹತ್ತಿರ, ತಾಡಪಾಲಿನ ಕೆಳಗೆ ಕೂತ ಪತ್ರ ಬರೆಯುವವರು ಇದ್ದರು. ಅವರು ಬರೆಯುತ್ತಿದ್ದದ್ದು ಮುಖ್ಯವಾಗಿ ಮನಿಯಾರ್ಡರು ಮತ್ತು ಊರಿಗೆ ಕಾಗದ. ಕೇಳಿದರೆ ಅರ್ಜಿಯೂ ಆಗುತ್ತಿತ್ತು. ಫುಟ್‌ಪಾತಿನ ಟೈಪಿಸ್ಟನಿಗೆ ಒಂದೇ ಒಂದು ನಮೂನೆ ಬಾಯಿಪಾಠ. "ಅಂಡರ್‌ಸ್ಟ್ಯಾಂಡಿಂಗ್ ಫ್ರಮ್ ರಿಲಾಯಬಲ್ ಸೋರ್ಸಸ್" ಎಂದು ಶುರುವಾಗುತ್ತಿತ್ತು. ನಂಬಲರ್ಹ ಮೂಲಗಳಿಂದ ತಿಳಿದುಬಂದ ಪ್ರಕಾರ ತಮ್ಮ ಘನ ಕಚೇರಿಯಲ್ಲಿ ಒಂದು ಹುದ್ದೆ ಖಾಲಿ ಇದೆ, ನಾನು ಬೇಡಿಕೊಳ್ಳುವುದೇನೆಂದರೆ... ಹೆಸರು, ವಿಳಾಸ ಬದಲಿಸಿದರೆ ಮುಗಿಯಿತು. ಒಂದೇ ದಿನ ಒಂದೇ ಕಂಪನಿಗೆ ಹತ್ತು ಮಂದಿಯಿಂದ ಒಂದೇ ಅರ್ಜಿ ಹೋಗಿರುತ್ತಿತ್ತು.

ಇದನ್ನೆಲ್ಲ ನಾನು ಇಷ್ಟು ವಿವರವಾಗಿ ಹೇಳಬಲ್ಲೆ, ಯಾಕೆಂದರೆ ನನ್ನ ಸೋದರಮಾವನ ಒಂದು ಫೈಲು ನನ್ನ ಬಳಿ ಇದೆ. ಮಾವ ಕಾರ್ಕಳದ ಹತ್ತಿರದ ಹಳ್ಳಿಯಿಂದ 1957ರಲ್ಲಿ, ಹದಿನಾರನೇ ವಯಸ್ಸಿಗೆ, ಫೋರ್ಟಿನ ಒಂದು ಹೋಟೆಲಿಗೆ ಬಂದವರು. ಮೊದಲು ಮಾಣಿ, ಆಮೇಲೆ ಕೌಂಟರು. ರಾತ್ರಿಶಾಲೆಯಲ್ಲಿ 1963ರಲ್ಲಿ ಎಸ್.ಎಸ್.ಸಿ., ಮರುವರ್ಷ ಧೋಬಿ ತಲಾವಿನ ಒಂದು ಇನ್‌ಸ್ಟಿಟ್ಯೂಟಿನಲ್ಲಿ ಟೈಪಿಂಗ್ 40. ಅವರು ತೀರಿಕೊಂಡ ಮೇಲೆ ಅತ್ತೆ ಮನೆ ಖಾಲಿ ಮಾಡುವಾಗ ರದ್ದಿಯವನಿಗೆ ಹೋಗುವ ಗಂಟಿನಲ್ಲಿ ಇದು ಸಿಕ್ಕಿತು. 1964ರಿಂದ 1968ರವರೆಗೆ ಹಾಕಿದ ಐವತ್ತೆಂಟು ಅರ್ಜಿಗಳ ಕಾರ್ಬನ್ ಕಾಪಿ, ನೀಲಿ ಬಣ್ಣ ಮಾಸಿ ನೇರಳೆಯಾಗಿದೆ, ಮಡಿಕೆಯಲ್ಲಿ ಹರಿದಿದೆ. ತಾರೀಖಿನ ಪ್ರಕಾರ ಜೋಡಿಸಿದ್ದಾರೆ. ಪ್ರತಿಯೊಂದರ ಮೂಲೆಯಲ್ಲಿ ಪೆನ್ಸಿಲಿನಿಂದ ಅಂಚೆ ಖರ್ಚು ಬರೆದಿದ್ದಾರೆ. (ನಮ್ಮ ಮನೆತನಕ್ಕೆ ಈ ಲೆಕ್ಕದ ಹುಚ್ಚು ಅಲ್ಲಿಂದಲೇ ಬಂದಿರಬೇಕು.)

ಮೊದಲ ಎರಡು ವರ್ಷದ ಅರ್ಜಿಗಳೆಲ್ಲ ಫುಟ್‌ಪಾತಿನ ನಮೂನೆ. ರಿಲಾಯಬಲ್ ಸೋರ್ಸಸ್, ಬೆಗ್ ಟು ಅಪ್ಲೈ, ಕಿರಿಯ ಸೋದರ ಸೋದರಿಯರ ಸಂಖ್ಯೆ, ಒಂದು ಅವಕಾಶ ಕೊಟ್ಟರೆ ಹಗಲಿರುಳು ದುಡಿದು ಮೇಲಧಿಕಾರಿಗಳಿಗೆ ಸಂತೋಷ ಕೊಡುತ್ತೇನೆ ಎಂಬ ಭರವಸೆ. ನನಗೆ ಕುತೂಹಲ ಹುಟ್ಟಿಸಿದ್ದು ಅನುಭವ ಎಂಬ ಸಾಲು. ಅಲ್ಲಿ ಏಳು ವರ್ಷದ ಹೋಟೆಲ್ ಕೆಲಸ ಇಲ್ಲವೇ ಇಲ್ಲ. "ಪ್ರೈವೇಟ್ ಸರ್ವಿಸ್" ಎಂದು ಎರಡು ಶಬ್ದ. ಹೋಟೆಲಿನವ ಎಂದರೆ ಆಫೀಸಿಗೆ ತಕ್ಕವನಲ್ಲ ಅಂತ ಅವರು ಮಾತ್ರ ಅಲ್ಲ, ಆ ಕಾಲದ ನಮ್ಮವರೆಲ್ಲ ತಿಳಿದಿದ್ದರು. ಮುಚ್ಚಿಡುವುದು ಮರ್ಯಾದೆ.

1966ರ ಮಧ್ಯದಿಂದ ಫೈಲಿನಲ್ಲಿ ಇನ್ನೊಂದು ಬದಲಾವಣೆ ಕಾಣುತ್ತದೆ. ಆ ವರ್ಷ ಜೂನ್ 19ರಂದು ಶಿವಸೇನೆ ಹುಟ್ಟಿತು. ಅದಕ್ಕೂ ಮೊದಲು, 1960ರಿಂದ ಬರುತ್ತಿದ್ದ 'ಮಾರ್ಮಿಕ್' ವಾರಪತ್ರಿಕೆಯಲ್ಲಿ ಬಾಳ ಠಾಕ್ರೆಯವರು ಯಾವ ಕಂಪನಿಯಲ್ಲಿ ಎಷ್ಟು ದಕ್ಷಿಣದವರಿದ್ದಾರೆ ಎಂದು ಹೆಸರಿನ ಪಟ್ಟಿಯನ್ನೇ ಹಾಕುತ್ತಿದ್ದರು. ಓದಿ ಸುಮ್ಮನಿರಿ ಎಂಬ ಅರ್ಥದ ತಲೆಬರಹ. ಪಟ್ಟಿಯಲ್ಲಿ ಶೆಟ್ಟಿ, ರಾವ್, ಪೈ, ಅಯ್ಯರ್, ನಾಯರ್, ಮೆನನ್ ಎಲ್ಲ ಒಂದೇ ಸಾಲಿಗೆ. ಮಾವನ ಅರ್ಜಿಗಳಲ್ಲಿ "ನೇಟಿವ್ ಪ್ಲೇಸ್" ಎಂಬ ಸಾಲು ಆ ಮಳೆಗಾಲದಿಂದ ಮಾಯವಾಗಿದೆ. ಅದರ ಜಾಗದಲ್ಲಿ "ಹತ್ತು ವರ್ಷದಿಂದ ಮುಂಬಯಿ ನಿವಾಸಿ, ಮರಾಠಿ ಓದಲು ಬರೆಯಲು ಬರುತ್ತದೆ" ಎಂದಿದೆ. ಸುಳ್ಳಲ್ಲ, ಮಾವನ ಮರಾಠಿ ಚೆನ್ನಾಗಿಯೇ ಇತ್ತು. ಆದರೂ ಆ ಸಾಲನ್ನು ಅವರು ಸಂತೋಷದಿಂದ ಬರೆದಿರಲಿಕ್ಕಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಸಂಘದ ಸಮಾರಂಭಗಳಲ್ಲಿ ಈ ವಿಷಯ ಬಂದಾಗ ಒಂದೇ ಬದಿಯ ಕಥೆ ಹೇಳುತ್ತೇವೆ. ಗಿರಣಗಾಂವಿನ ಮರಾಠಿ ಹುಡುಗನೂ ಅದೇ ವರ್ಷ, ಅದೇ ಬಾಕ್ಸ್ ನಂಬರಿಗೆ, ಅದೇ ಫುಟ್‌ಪಾತ್ ನಮೂನೆಯ ಅರ್ಜಿ ಹಾಕಿ ಉತ್ತರಕ್ಕೆ ಕಾಯುತ್ತಿದ್ದ. ಅವನಿಗೆ ಕಂಡದ್ದು ಇಷ್ಟೇ, ದಕ್ಷಿಣದವರಿಗೆ ಟೈಪಿಂಗ್ ಶಾರ್ಟ್‌ಹ್ಯಾಂಡ್ ಬರುತ್ತದೆ, ಒಳಗೆ ಕೂತ ದಕ್ಷಿಣದ ಹೆಡ್ ಕ್ಲಾರ್ಕು ತನ್ನವರ ಅರ್ಜಿಯನ್ನು ಮೇಲಕ್ಕೆ ಇಡುತ್ತಾನೆ. ಎರಡನೆಯದು ಪೂರ್ತಿ ಸುಳ್ಳು ಎಂದು ನಾನು ಎದೆ ತಟ್ಟಿ ಹೇಳಲಾರೆ. ಹೋಟೆಲಿಗೆ ಹುಡುಗರು ಬಂದ ರೀತಿಯನ್ನು ಈಗಷ್ಟೇ ಹೇಳಿದೆನಲ್ಲ.

ಈಗ ಫೈಲಿನ ನಾಲ್ವತ್ತನೆಯ ಸುಮಾರಿನ ಅರ್ಜಿಗೆ ಬರುತ್ತೇನೆ. ಅದು 1967ರ ಕೊನೆಯದ್ದು. ನೋಡಿದ ಕೂಡಲೇ ಗೊತ್ತಾಗುತ್ತದೆ, ಬೇರೆ ಯಾರೋ ಬರೆಸಿದ್ದು. ಮಾವ ಬದುಕಿದ್ದಾಗ ಹೇಳುತ್ತಿದ್ದರು, ಟೈಪಿಂಗ್ ಇನ್‌ಸ್ಟಿಟ್ಯೂಟಿನಲ್ಲಿ ಒಬ್ಬರು ವಯಸ್ಸಾದ ಗೋವಾದ ಕ್ರಿಶ್ಚಿಯನ್ ಮೇಷ್ಟ್ರು ಇದ್ದರಂತೆ, ಯಾವುದೋ ಬ್ರಿಟಿಷ್ ಕಂಪನಿಯಿಂದ ನಿವೃತ್ತರಾದವರು. ಮಾವ ಮೆಷಿನ್ ಬಾಡಿಗೆಗೆ ತೆಗೆದುಕೊಂಡು ಅರ್ಜಿ ಹೊಡೆಯುತ್ತಿದ್ದಾಗ ಅವರು ಹಿಂದೆ ನಿಂತು ಓದಿ, ಹಾಳೆಯನ್ನು ರೋಲರಿನಿಂದ ಕಿತ್ತು ತೆಗೆದರಂತೆ. "ನಿನ್ನ ತಂಗಿಯರನ್ನು ಅವರು ಕೆಲಸಕ್ಕೆ ತೆಗೆದುಕೊಳ್ಳುವುದಿಲ್ಲ. ನೀನು ಏನು ಮಾಡ್ತಿ, ಅದು ಹೇಳು." ಮಾವ ನಾಚಿಕೆಯಿಂದ ಹೋಟೆಲ್ ಕೌಂಟರು ಎಂದರು. "ದಿನಕ್ಕೆ ಎಷ್ಟು ಬಿಲ್ಲು?" "ನಾಲ್ಕು ನೂರು." "ರಾತ್ರಿ ಕ್ಯಾಶ್ ತಾಳೆ ಆಗುತ್ತದಾ?" "ಆಗಲೇಬೇಕು, ಕಮ್ಮಿ ಬಂದರೆ ನಮ್ಮ ಸಂಬಳದಿಂದ ಹಿಡೀತಾರೆ." "ಹಾಗಾದರೆ ಅದನ್ನೇ ಬರಿ ಮಗನೇ, ಅದಕ್ಕಿಂತ ದೊಡ್ಡ ಸರ್ಟಿಫಿಕೇಟು ಯಾವುದು?"

ಆ ಅರ್ಜಿ ಅರ್ಧ ಪುಟ ಇದೆ. ಬ್ಯಾಲಾರ್ಡ್ ಎಸ್ಟೇಟಿನ ಒಂದು ಹಡಗು ಕಂಪನಿಯ ಕ್ಯಾಶ್ ಕ್ಲಾರ್ಕ್ ಹುದ್ದೆಗೆ. ಮೊದಲ ಸಾಲಿನಲ್ಲಿ ಯಾವ ತಾರೀಖಿನ ಯಾವ ಜಾಹೀರಾತು ಎಂದಿದೆ. ಎರಡನೆಯ ಪ್ಯಾರಾದಲ್ಲಿ, ಫೋರ್ಟಿನ ಒಂದು ಹೋಟೆಲಿನ ಕ್ಯಾಶ್ ಕೌಂಟರಿನಲ್ಲಿ ಆರು ವರ್ಷ ಇದ್ದೇನೆ, ದಿನಕ್ಕೆ ಸುಮಾರು ನಾನೂರು ಬಿಲ್ಲಿನ ಹಣ ಎಣಿಸಿ ರಾತ್ರಿ ಪುಸ್ತಕ ಬರೆದು ಮಾಲಿಕರಿಗೆ ಒಪ್ಪಿಸುತ್ತೇನೆ, ರಾತ್ರಿಶಾಲೆಯಲ್ಲಿ ಎಸ್.ಎಸ್.ಸಿ. ಮುಗಿಸಿದ್ದೇನೆ ಎಂದಿದೆ. ಮೂರನೆಯದರಲ್ಲಿ ಟೈಪಿಂಗ್ ಸ್ಪೀಡು, ಭಾಷೆಗಳು. ಮಾಲಿಕರನ್ನು ಬೇಕಾದರೆ ವಿಚಾರಿಸಬಹುದು ಎಂದು ಹೋಟೆಲಿನ ವಿಳಾಸ. ಬೆಗ್ ಇಲ್ಲ, ಒಬೀಡಿಯೆಂಟ್ ಇಲ್ಲ. "ಯುವರ್ಸ್ ಫೇತ್‌ಫುಲಿ". ಕಿರಿಯ ಸೋದರಿಯರ ಸುದ್ದಿಯೇ ಇಲ್ಲ.

ಇದಕ್ಕೆ ಕೂಡಲೇ ಕೆಲಸ ಸಿಕ್ಕಿತು ಎಂದು ನೀವು ಅಂದುಕೊಂಡಿದ್ದರೆ ಇಲ್ಲ. ಅಲ್ಲಿಂದ ಉತ್ತರವೇ ಬರಲಿಲ್ಲ. ಆದರೆ ಆಮೇಲಿನ ಅರ್ಜಿಗಳೆಲ್ಲ ಇದೇ ರೀತಿಯವು, ಪ್ರತಿ ಹುದ್ದೆಗೆ ಎರಡನೆಯ ಪ್ಯಾರಾ ಬೇರೆ. ಗೋಡೌನ್ ಕ್ಲಾರ್ಕಿಗೆ ಬರೆಯುವಾಗ ಅಕ್ಕಿ ಬೇಳೆ ಸ್ಟಾಕಿನ ಲೆಕ್ಕ ಬಂದಿದೆ. ಟೈಪಿಸ್ಟ್ ಹುದ್ದೆಗೆ ಬರೆಯುವಾಗ ಕೌಂಟರು ಒಂದೇ ಸಾಲಿಗೆ ಇಳಿದಿದೆ. ಮೊದಲಿನ ನಾಲ್ವತ್ತರಲ್ಲಿ ಇಂಟರ್‌ವ್ಯೂಗೆ ಕರೆ ಬಂದದ್ದು ಎರಡಕ್ಕೆ, ಕೊನೆಯ ಹದಿನೆಂಟರಲ್ಲಿ ಐದಕ್ಕೆ. 1968ರಲ್ಲಿ ಬ್ಯಾಲಾರ್ಡ್ ಎಸ್ಟೇಟಿನಲ್ಲೇ ಇನ್ನೊಂದು ಕಡೆ ಕೆಲಸವಾಯಿತು, ಅಲ್ಲೇ ನಿವೃತ್ತರಾದರು. ಪತ್ರದಿಂದಲೇ ಆಯಿತಾ ಎಂದು ಕೇಳಿದರೆ ಮಾವ ನಗುತ್ತಿದ್ದರು. ಇಂಟರ್‌ವ್ಯೂ ಮಾಡಿದ ಪಾರ್ಸಿ ಸಾಹೇಬರು ಹೋಟೆಲಿನ ಹೆಸರು ಓದಿ "ಅಲ್ಲಿಯ ಇಡ್ಲಿ ಈಗ ಮೊದಲಿನ ಹಾಗಿಲ್ಲ, ಯಾಕೆ?" ಎಂದು ಕೇಳಿದರಂತೆ. ಹೋಟೆಲಿನ ಹೆಸರು ಬರೆಯದೇ ಇದ್ದರೆ ಆ ಪ್ರಶ್ನೆಯೂ ಬರುತ್ತಿರಲಿಲ್ಲವಲ್ಲ ಎನ್ನುವುದು ನನ್ನ ವಾದ.

ಮಾವನ ನಂತರದ ಕಾಲವನ್ನು ಬೇಗ ದಾಟಿಬಿಡುತ್ತೇನೆ. 1959ರ ಕಾಯ್ದೆಯಿಂದ ಕಂಪನಿಗಳು ಖಾಲಿ ಹುದ್ದೆಗಳನ್ನು ಎಂಪ್ಲಾಯ್‌ಮೆಂಟ್ ಎಕ್ಸ್‌ಚೇಂಜಿಗೆ ತಿಳಿಸಬೇಕಾಯಿತು. ಸರ್ಕಾರಿ ಕೆಲಸಕ್ಕಂತೂ ಎಕ್ಸ್‌ಚೇಂಜಿನ ಕಾರ್ಡೇ ದೇವರು. ಬರೀ ಎಕ್ಸ್‌ಚೇಂಜಿನ ಪಟ್ಟಿ ಸಾಲದು, ಪತ್ರಿಕೆಯಲ್ಲೂ ಜಾಹೀರಾತು ಕೊಡಿ ಎಂದು ಸುಪ್ರೀಂ ಕೋರ್ಟ್ ಹೇಳಿದ್ದು 1996ರಲ್ಲಿ. 1969ರ ಜುಲೈ 19ರಂದು 14 ಬ್ಯಾಂಕುಗಳು ರಾಷ್ಟ್ರೀಕರಣವಾದವು, ಕೆನರಾ, ಸಿಂಡಿಕೇಟ್ ಅದರಲ್ಲಿ. 1980ರಲ್ಲಿ ಕಾರ್ಪೊರೇಶನ್, ವಿಜಯಾ. ಊರಿನ ಪರಿಚಯದ ಬಾಗಿಲು ಮುಚ್ಚಿ, ಬಿ.ಎಸ್.ಆರ್.ಬಿ. ಪರೀಕ್ಷೆಯ ಬಾಗಿಲು ತೆರೆಯಿತು. ನಾನು ಬಂದದ್ದು ಆ ಬಾಗಿಲಿನಿಂದ. ನನ್ನ ಅರ್ಜಿಯಲ್ಲಿ ಒಂದು ವಾಕ್ಯವೂ ಇಲ್ಲ. ಪತ್ರಿಕೆಯಿಂದ ಕತ್ತರಿಸಿದ ಫಾರ್ಮಿನ ಚೌಕಗಳಲ್ಲಿ ದೊಡ್ಡಕ್ಷರ ತುಂಬಿದ್ದು, ಪೋಸ್ಟಲ್ ಆರ್ಡರ್ ಲಗತ್ತಿಸಿದ್ದು, ಆಮೇಲೆ ಪೆನ್ಸಿಲಿನಿಂದ ಗುಂಡಿ ಕಪ್ಪು ಮಾಡಿದ್ದು. ಯಾರ ಮುಂದೆಯೂ ಬೆಗ್ ಮಾಡಬೇಕಾಗಲಿಲ್ಲ. ಮಾವನಿಗೆ ಅದೇ ದೊಡ್ಡ ಆಶ್ಚರ್ಯ. "ನಿನ್ನ ಹೆಸರು ಯಾರೂ ಓದದೆ ಕೆಲಸ ಕೊಟ್ರಾ?" ಎಂದು ಎರಡು ಮೂರು ಸಲ ಕೇಳಿದ್ದರು. ಹೆಸರು ಓದದೇ ಇದ್ದುದರಿಂದಲೇ ಸಿಕ್ಕಿದವರು ನಮ್ಮ ಬ್ಯಾಚಿನಲ್ಲಿ ಎಷ್ಟೋ ಮಂದಿ ಇದ್ದರು. ಬಿ.ಎಸ್.ಆರ್.ಬಿ.ಗಳು 2001ರಲ್ಲಿ ಮುಚ್ಚಿದವು, 2011ರಿಂದ ಐ.ಬಿ.ಪಿ.ಎಸ್.ನ ಒಂದೇ ಪರೀಕ್ಷೆ. ತಮಾಷೆ ನೋಡಿ, ಎಲ್ಲ ಆನ್‌ಲೈನ್ ಆದ ಮೇಲೆ ಈಗ ಅಭ್ಯರ್ಥಿ ಒಂದು ಘೋಷಣೆಯನ್ನು ಸ್ವಂತ ಕೈಬರಹದಲ್ಲಿ ಬರೆದು ಸ್ಕ್ಯಾನ್ ಮಾಡಿ ಹಾಕಬೇಕು. ಕೈಬರಹ ಹಿಂಬಾಗಿಲಿನಿಂದ ವಾಪಸ್ಸು ಬಂತು.

ಹಾಗಂತ ಬ್ಯಾಂಕಿನಲ್ಲಿ ಅರ್ಜಿ ಸತ್ತಿರಲಿಲ್ಲ. ಸ್ಟಾಫ್ ವಿಭಾಗದಲ್ಲಿ ಮೂರು ವರ್ಷ ಇದ್ದಾಗ ಅನುಕಂಪದ ನೇಮಕಾತಿಯ ಅರ್ಜಿಗಳು ನನ್ನ ಟೇಬಲ್ಲಿಗೆ ಬರುತ್ತಿದ್ದವು. ಗಂಡ ಸರ್ವಿಸಿನಲ್ಲಿರುವಾಗಲೇ ತೀರಿಕೊಂಡಿರುತ್ತಾನೆ, ಹೆಂಡತಿಯೋ ಮಗನೋ ಬರೆದಿರುತ್ತಾರೆ. ಅಲ್ಲಿ ಮನೆಯ ಕಷ್ಟವೇ ವಿಷಯ, ಮಕ್ಕಳ ಸಂಖ್ಯೆಯೇ ಅರ್ಹತೆ. ಗೋವಾದ ಮೇಷ್ಟ್ರು ಹೊಡೆದುಹಾಕಿದ ಸಾಲುಗಳೆಲ್ಲ ಅಲ್ಲಿ ನ್ಯಾಯವಾಗಿಯೇ ಇರಬೇಕಾದವು. ಒಮ್ಮೆ ಕಲ್ಯಾಣ್ ಕಡೆಯ ಒಬ್ಬ ಹೆಂಗಸು ಯಾರೋ ಬುದ್ಧಿವಂತರ ಮಾತು ಕೇಳಿ, ಗಂಡನ ಸಾವನ್ನು ಒಂದೇ ಸಾಲಿನಲ್ಲಿ ಮುಗಿಸಿ, ತನ್ನ ಕಂಪ್ಯೂಟರ್ ಕೋರ್ಸಿನ ವಿವರ ಒಂದು ಪುಟ ಬರೆದಿದ್ದರು. ಅವರನ್ನು ಕರೆಸಿ, "ಅಮ್ಮಾ, ಇದಲ್ಲ, ಮನೆಯಲ್ಲಿ ಯಾರು ಯಾರು ಇದ್ದಾರೆ, ಸಾಲ ಎಷ್ಟಿದೆ ಬರೀರಿ" ಅಂತ ಮತ್ತೆ ಬರೆಸಿದೆ. ಯಾವ ಕಾಗದ ಯಾರ ಕೈಗೆ ಹೋಗುತ್ತದೆ ಎನ್ನುವುದು ಮುಖ್ಯ.

ಖಾಸಗಿ ಕಂಪನಿಗಳ ಲೋಕದಲ್ಲಿ 1995ರಲ್ಲಿ ಇಂಟರ್‌ನೆಟ್ ಬಂತು, 1997ರಲ್ಲಿ ನೌಕ್ರಿ ಡಾಟ್ ಕಾಮ್ ಬಂತು. ಸೈಬರ್ ಕೆಫೆಯಲ್ಲಿ ಗಂಟೆಗೆ ಇಷ್ಟು ಎಂದು ಕೊಟ್ಟು ಬಯೋಡೇಟಾ ಹಾಕಿದ ಕಾಲ. ಬಯೋಡೇಟಾ ದಪ್ಪವಾಗುತ್ತಾ ಹೋಯಿತು, ಕವರಿಂಗ್ ಲೆಟರು "ಪ್ಲೀಸ್ ಫೈಂಡ್ ಅಟ್ಯಾಚ್ಡ್" ಎಂಬ ಒಂದು ಸಾಲಿಗೆ ಇಳಿಯಿತು. ಅದು ಮತ್ತೆ ಉದ್ದವಾದದ್ದು 2022ರ ಕೊನೆಗೆ ಚಾಟ್‌ಜಿಪಿಟಿ ಬಂದ ಮೇಲೆ. ಈಗ ನಮ್ಮ ಸೊಸೈಟಿಯ ಮಕ್ಕಳು ತರುವ ಪತ್ರಗಳಲ್ಲಿ ಒಂದೂ ವ್ಯಾಕರಣದ ತಪ್ಪಿಲ್ಲ. ಮೂರು ಬೇರೆ ಬೇರೆ ಮನೆಯ ಮೂರು ಪತ್ರ ಓದಿದರೆ ಮೂರೂ ಒಂದೇ. "ಐ ಆಮ್ ಎಕ್ಸೈಟೆಡ್ ಟು ಅಪ್ಲೈ" ಅಂತ ಶುರು. ಬೆಗ್ ಹೋಗಿ ಎಕ್ಸೈಟೆಡ್ ಬಂದಿದೆ, ಫುಟ್‌ಪಾತಿನ ಟೈಪಿಸ್ಟ್ ಹೋಗಿ ಮೊಬೈಲಿನೊಳಗೆ ಕೂತಿದ್ದಾನೆ.

ಮಕ್ಕಳಿಗೆ ನಾನು ಹೆಚ್ಚೇನೂ ಹೇಳುವುದಿಲ್ಲ. ಯಾವ ಹುದ್ದೆ, ಎಲ್ಲಿ ನೋಡಿದೆ ಅಂತ ಮೊದಲ ಸಾಲಿನಲ್ಲಿ ಹೇಳು. ಹಾರ್ಡ್‌ವರ್ಕಿಂಗ್, ಸಿನ್ಸಿಯರ್ ಎಂಬ ಶಬ್ದ ತೆಗೆದು, ಅದು ಗೊತ್ತಾಗುವ ಹಾಗೆ ನೀನು ಮಾಡಿದ ಒಂದು ಕೆಲಸ ಬರಿ, ಸಾಧ್ಯವಾದರೆ ಅಂಕಿ ಸಮೇತ. ಅರ್ಧ ಪುಟ ಸಾಕು, ಓದುವವನಿಗೂ ಸಂಜೆ ಲೋಕಲ್ ಹಿಡಿಯುವುದಿರುತ್ತದೆ. ಕಳೆದ ವರ್ಷ ಮೂರನೇ ಮಾಳಿಗೆಯ ಹುಡುಗಿ, ಅವಳ ತಂದೆಯದ್ದು ಪೆಂಡ್ಸೆ ನಗರದಲ್ಲಿ ಸಣ್ಣ ಪೋಳಿ-ಭಾಜಿ ಕೇಂದ್ರ, ಒಂದು ಫೈನಾನ್ಸ್ ಕಂಪನಿಗೆ ಅರ್ಜಿ ತಂದಿದ್ದಳು. ಅಂಗಡಿಯ ಜಿ.ಎಸ್.ಟಿ. ರಿಟರ್ನ್ ಯಾರು ಹಾಕುತ್ತಾರೆ ಎಂದು ಕೇಳಿದೆ. "ನಾನೇ ಅಂಕಲ್, ಮೂರು ವರ್ಷದಿಂದ." ಪತ್ರದಲ್ಲಿ ಯಾಕಿಲ್ಲ ಎಂದರೆ, "ಅದು ಮನೆ ಕೆಲಸ ಅಲ್ವಾ?" ಎಂದಳು. ಅವಳಿಗೆ ಮಾವನ ಫೈಲು ತೆಗೆದು ತೋರಿಸಿದೆ. "ಪ್ರೈವೇಟ್ ಸರ್ವಿಸ್" ಎಂಬ ಸಾಲಿನ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿ, ಹೋಗಿ ಮತ್ತೆ ಬರೆದು ತಂದಳು. ಕರೆ ಬಂತು, ಎರಡನೆಯ ಸುತ್ತಿನಲ್ಲಿ ಹೋಯಿತು. ಈಗ ಇನ್ನೊಂದು ಕಡೆ ಹಾಕಿದ್ದಾಳೆ.

ಆ ಫೈಲಿನ ಬಗ್ಗೆ ಇನ್ನೊಂದು ವಿಷಯ ಹೇಳುವುದು ಬಾಕಿ ಇದೆ. ಐವತ್ತೆಂಟು ಇಂಗ್ಲಿಷ್ ಅರ್ಜಿಗಳ ಕೆಳಗೆ, ಎಲ್ಲಕ್ಕಿಂತ ಕೊನೆಗೆ, ಒಂದು ಕನ್ನಡ ಕಾಗದದ ನಕಲು ಇದೆ. 1968ರಲ್ಲಿ ಹೋಟೆಲಿನ ಧಣಿಗಳಿಗೆ ಬರೆದದ್ದು. ದಿನಾ ಹತ್ತು ಅಡಿ ದೂರದಲ್ಲಿ ಕೂರುವ ಮನುಷ್ಯನಿಗೆ ಬಾಯಿಯಲ್ಲಿ ಹೇಳಲು ಆಗದೆ ಕಾಗದ ಬರೆದಿದ್ದಾರೆ. ತಮ್ಮ ಅನ್ನ ತಿಂದು ಓದಿದೆ, ಬರುವ ಒಂದನೇ ತಾರೀಖಿನಿಂದ ಆಫೀಸಿಗೆ ಸೇರಲು ಅಪ್ಪಣೆಯಾಗಬೇಕು ಎಂದು ಸವಿನಯವಾಗಿ ಕೇಳಿಕೊಂಡಿದ್ದಾರೆ. ಧಣಿಗಳು ಅದೇ ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಿಂದ ಎರಡು ಸಾಲು ಉತ್ತರ ಬರೆದಿದ್ದಾರೆ. ಒಳ್ಳೆಯದಾಗಲಿ, ಆದರೆ ಹೊಸ ಹುಡುಗ ಊರಿನಿಂದ ಬರುವುದು ಹತ್ತನೇ ತಾರೀಖಿಗೆ, ಅಷ್ಟರ ತನಕ ಸಂಜೆ ಆಫೀಸು ಬಿಟ್ಟ ಮೇಲೆ ಕೌಂಟರಿಗೆ ಬಾ. ಮಾವ ಆ ಹತ್ತು ದಿನವೂ ಹೋಗಿದ್ದಾರೆ, ಹಾಳೆಯ ಮೂಲೆಯಲ್ಲಿ ಹತ್ತು ಗೀಟು ಹಾಕಿದೆ.